ಸಿಮ್ಯುಲೇಶನ್: ಉಸಿರಾಟದ ಆರೈಕೆಗೊಂದು ತಾಲೀಮು

ಸಿಮ್ಯುಲೇಶನ್ ಎಂಬ ಪದಕ್ಕೆ ಕನ್ನಡದಲ್ಲಿ ‘ಅಣಕು’ ಎಂದು ಬರೆಯುವುದುಂಟು. ಅಣಕು ಕಾರ್ಯಾಚರಣೆ ಎನ್ನುತ್ತೇವಲ್ಲ, ಹಾಗೆ. ಆದರೆ ಉಸಿರಾಟದ ಆರೈಕೆ ಕಲಿಯುವವರ ವಿಷಯದಲ್ಲಿ ನನಗೆ ‘ತಾಲೀಮು’ ಅನ್ನುವುದೇ ಸರಿ ಅನಿಸುತ್ತದೆ. ತಾಲೀಮಿನಲ್ಲಿ ತಪ್ಪಬಹುದು. ತಪ್ಪಿದ ಕಡೆ ನಿಲ್ಲಿಸಿ, ಮತ್ತೆ ಮೊದಲಿನಿಂದ ಶುರು ಮಾಡಬಹುದು. ನಿಜವಾದ ರೋಗಿಯ ಹಾಸಿಗೆ ಪಕ್ಕ ಆ ಅವಕಾಶ ಎಲ್ಲಿದೆ?

ಉಸಿರಾಡಲು ಕಷ್ಟಪಡುವವರನ್ನು ನೋಡಿಕೊಳ್ಳುವವರು ರೆಸ್ಪಿರೇಟರಿ ಥೆರಪಿಸ್ಟ್‌ಗಳು. ವೆಂಟಿಲೇಟರ್ ನಡೆಸುವುದು, ಶ್ವಾಸನಾಳದ ಟ್ಯೂಬ್ ಸರಿಯಾದ ಜಾಗದಲ್ಲಿದೆಯೇ ಎಂದು ನೋಡುವುದು, ಕಫ ತೆಗೆಯುವುದು ಅವರ ದಿನದ ಕೆಲಸ. ಇಂಥ ಸನ್ನಿವೇಶಗಳನ್ನು ಗೊಂಬೆ, ಯಂತ್ರ ಅಥವಾ ನಟರ ಸಹಾಯದಿಂದ ಕಟ್ಟಿ, ವಿದ್ಯಾರ್ಥಿಯ ಕೈಗೆ ಒಪ್ಪಿಸುವುದೇ ಸಿಮ್ಯುಲೇಶನ್.

ಇದರ ಬೇರು ಉಸಿರಿನಲ್ಲೇ ಇದೆ. ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನು ಕಲಿಸಲೆಂದು ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ 1960ರಲ್ಲಿ ‘ರೆಸಸಿ ಆ್ಯನ್’ ಎಂಬ ಗೊಂಬೆ ಹೊರತಂದರು. ಅದೇ ದಶಕದಲ್ಲಿ ಅಮೆರಿಕದಲ್ಲಿ ಅರಿವಳಿಕೆ ಕಲಿಸಲು ‘ಸಿಮ್ ಒನ್’ ಎಂಬ ಗೊಂಬೆ ಬಂತು. ಅದನ್ನು ನಡೆಸುತ್ತಿದ್ದದ್ದು ಕಂಪ್ಯೂಟರ್.

ಈಗಿನ ಒಂದು ತಾಲೀಮನ್ನೇ ನೋಡೋಣ. ತೀವ್ರ ಆಸ್ತಮಾ ಇರುವ ‘ರೋಗಿ’ ವೆಂಟಿಲೇಟರ್ ಮೇಲಿದ್ದಾರೆ. ನಿಮಿಷಕ್ಕೆ 12 ಉಸಿರು. ಅಂದರೆ ಒಂದು ಉಸಿರಿಗೆ 5 ಸೆಕೆಂಡ್. ಒಳಗೆ ಎಳೆಯಲು 1 ಸೆಕೆಂಡ್ ಹೋದರೆ ಹೊರಬಿಡಲು 4 ಉಳಿಯುತ್ತದೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಗಿದೆ ಎಂದು ವರದಿ ಬರುತ್ತದೆ. ಅದನ್ನು ಹೊರಹಾಕಲೆಂದು ವಿದ್ಯಾರ್ಥಿ ಉಸಿರಿನ ವೇಗವನ್ನು 24ಕ್ಕೆ ಏರಿಸುತ್ತಾಳೆ. ಈಗ ಹೊರಬಿಡಲು ಸಿಗುವುದು ಒಂದೂವರೆ ಸೆಕೆಂಡ್ ಮಾತ್ರ. ಆಸ್ತಮಾದಲ್ಲಿ ದಾರಿ ಕಿರಿದಾಗಿರುತ್ತದೆ, ಗಾಳಿ ಅಷ್ಟು ಬೇಗ ಹೊರಬರುವುದಿಲ್ಲ. ಹಳೆಯ ಗಾಳಿಯ ಮೇಲೆ ಹೊಸ ಗಾಳಿ ತುಂಬುತ್ತದೆ. ಎದೆಯೊಳಗೆ ಒತ್ತಡ ಏರಿ, ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗುತ್ತದೆ. ರಕ್ತದೊತ್ತಡ ಕುಸಿಯುತ್ತದೆ. ಹೀಗೆ ಸಿಕ್ಕಿಕೊಂಡ ಗಾಳಿಯಿಂದ ಎದೆಯೊಳಗೆ ಉಳಿಯುವ ಒತ್ತಡಕ್ಕೆ ಆಟೋ ಪೀಪ್ ಎನ್ನುತ್ತಾರೆ.

ಆಸ್ಪತ್ರೆಯಲ್ಲಾದರೆ ಹಿರಿಯರು ಆ ಕೈಯನ್ನು ಮೊದಲೇ ತಡೆಯುತ್ತಾರೆ, ತಡೆಯಲೇಬೇಕು. ಇಲ್ಲಿ ಶಿಕ್ಷಕರು ಸುಮ್ನೆ ನೋಡುತ್ತಾರೆ. ತನ್ನ ತಪ್ಪು ಎಲ್ಲಿಗೆ ಮುಟ್ಟುತ್ತದೆ ಎಂದು ಅವಳು ಕೊನೆಯವರೆಗೂ ಕಾಣುತ್ತಾಳೆ. ಸಿಮ್ಯುಲೇಶನ್‌ನ ಬೆಲೆ ಇರುವುದು ಇಲ್ಲೇ ಎಂದು ನಾನು ನಂಬುತ್ತೇನೆ. ಟ್ಯೂಬನ್ನು ವೆಂಟಿಲೇಟರ್‌ನಿಂದ ಸ್ವಲ್ಪ ಹೊತ್ತು ಬಿಡಿಸಿ, ಸಿಕ್ಕಿಕೊಂಡ ಗಾಳಿಯನ್ನು ಹೊರಬಿಟ್ಟಾಗ ರಕ್ತದೊತ್ತಡ ಸುಧಾರಿಸುವುದನ್ನೂ ಅವಳೇ ನೋಡುತ್ತಾಳೆ.

ಆಮೇಲೆ ಎಲ್ಲರೂ ಕೂತು ಮಾತಾಡುತ್ತಾರೆ. ಇದು ಡಿಬ್ರೀಫಿಂಗ್. ‘ಯಾಕೆ ತಪ್ಪು ಮಾಡಿದೆ?’ ಎಂದು ಕೇಳಿದರೆ ವಿದ್ಯಾರ್ಥಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ‘ಆಗ ನಿನಗೆ ಏನು ಕಾಣುತ್ತಿತ್ತು?’ ಎಂದು ಕೇಳಬೇಕು. ಆಗ ಗೊತ್ತಾಗುತ್ತದೆ, ಅವಳ ಲೆಕ್ಕ ಬೇರೆ ಎಷ್ಟೋ ರೋಗಿಗಳಿಗೆ ಸರಿಯೇ ಇತ್ತು. ಈ ರೋಗಿಗೆ ಹೊಂದಲಿಲ್ಲ ಅಷ್ಟೇ. ಈ ಮಾತುಕತೆಗೆ ಸಮಯ ಕೊಡದಿದ್ದರೆ ತಾಲೀಮು ಅರ್ಧಕ್ಕೇ ನಿಂತ ಹಾಗೆ.

ಫಿಡೆಲಿಟಿ ಎಂಬ ಇನ್ನೊಂದು ಪದ ಕಿವಿಗೆ ಬೀಳುತ್ತದೆ. ಸನ್ನಿವೇಶ ನಿಜಕ್ಕೆ ಎಷ್ಟು ಹತ್ತಿರ ಎಂಬುದರ ಅಳತೆ ಅದು. ಕಣ್ಣು ಮಿಟುಕಿಸುವ ದುಬಾರಿ ಗೊಂಬೆಯೇ ಬೇಕು ಅಂತೇನಿಲ್ಲ. ಗಾಳಿ ಸಿಕ್ಕಿಕೊಳ್ಳುವ ಬಗೆ ತೋರಿಸಲು ಒಂದು ವೆಂಟಿಲೇಟರ್, ಟೆಸ್ಟ್ ಲಂಗ್ ಎಂಬ ಕೃತಕ ಶ್ವಾಸಕೋಶ, ಗಾಳಿಯ ದಾರಿ ಕಿರಿದು ಮಾಡುವ ಚಿಕ್ಕದೊಂದು ತುಂಡು ಸಾಕು.

ಆದರೆ ಗೊಂಬೆ ಹೆದರುವುದಿಲ್ಲ. ಬಿಗಿಯಾದ ಮಾಸ್ಕ್ ಹಾಕಿ ಯಂತ್ರ ಗಾಳಿ ನೂಕಿದಾಗ ಗಾಬರಿಯಾಗಿ ಕಿತ್ತುಹಾಕುವವರು ಮನುಷ್ಯರು. ಅಂಥ ರೋಗಿಯ ಪಾತ್ರಕ್ಕೆ ನಟರೇ ಬೇಕು. ಕೆಲವು ಶಿಕ್ಷಕರು ವಿದ್ಯಾರ್ಥಿಗಳ ಮುಖಕ್ಕೇ ಆ ಮಾಸ್ಕ್ ಕಟ್ಟಿ, ಸ್ವಲ್ಪ ಹೊತ್ತು ಉಸಿರಾಡಿಸುತ್ತಾರೆ. ‘ಏನಾಗಲ್ಲ, ಹಾಯಾಗಿ ಉಸಿರಾಡಿ’ ಎಂದು ರೋಗಿಗೆ ಹೇಳುವ ಮೊದಲು, ಆ ಮಾಸ್ಕಿನೊಳಗೆ ಹಾಗೆ ಉಸಿರಾಡುವುದು ಎಷ್ಟು ಕಷ್ಟ ಎಂದು ಅವರಿಗೆ ಗೊತ್ತಿರುತ್ತದೆ.