ಶೇಂಗಾ ಹೊಲಕ್ಕೂ ಸ್ಕ್ಯಾನ್ ರೂಮಿಗೂ ಒಂದೇ ಲೆಕ್ಕ

ಚಳ್ಳಕೆರೆ ಕಡೆ ಸುಣ್ಣದ ಅಂಶ ಜಾಸ್ತಿ ಇರುವ ಹೊಲದಲ್ಲಿ ಶೇಂಗಾ ಹಾಕಿದವರಿಗೆ ಇದು ಹೊಸದಲ್ಲ. ಹಳೆ ಎಲೆ ಹಸಿರಾಗೇ ಇರುತ್ತದೆ, ತುದಿಯ ಎಳೆ ಎಲೆ ಮಾತ್ರ ಹಳದಿ. ಕೈಯಲ್ಲಿ ಹಿಡಿದು ನೋಡಿದರೆ ನರಗಳು ಹಸಿರು, ನಡುವಿನ ಜಾಗ ಬಿಳಚಿಕೊಂಡಿರುತ್ತದೆ. ಕಬ್ಬಿಣದ ಕೊರತೆ. ಹಾಗಂತ ಆ ಮಣ್ಣಲ್ಲಿ ಕಬ್ಬಿಣಕ್ಕೇನೂ ಬರ ಇಲ್ಲ. ಇರುವುದೆಲ್ಲ ತುಕ್ಕಿನಂಥ ರೂಪದಲ್ಲಿದೆ, ನೀರಲ್ಲಿ ಕರಗದು, ಕರಗದ್ದನ್ನು ಬೇರು ಹೀರುವುದಾದರೂ ಹೇಗೆ?

ಸರಿ, ಅನ್ನಭೇದಿ (ಫೆರಸ್ ಸಲ್ಫೇಟ್) ತಂದು ಬುಡಕ್ಕೆ ಹಾಕೋಣ ಅಂದರೆ, ಅದು ಬಕೆಟ್ಟಿನಲ್ಲಿ ಚೆನ್ನಾಗಿಯೇ ಕರಗುತ್ತದೆ, ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಮೇಲಿದ್ದರೆ ಕ್ಷಾರ) 8ರ ಆಸುಪಾಸಿನ ಮಣ್ಣಿಗೆ ಬಿದ್ದ ಮೇಲೆ ಗಾಳಿ ತಾಗಿ ಅದೂ ತುಕ್ಕಾಗಿ ಕೂರುತ್ತದೆ. ಎಲೆಗೆ ಸಿಂಪಡಿಸಿದರೆ ಉಪಯೋಗ ಇದೆ. ಮಣ್ಣಿಗೇ ಕೊಡಬೇಕೆಂದರೆ ಮಾತ್ರ ಆ ಕಬ್ಬಿಣವನ್ನು ಕರಗಿದ ಸ್ಥಿತಿಯಲ್ಲೇ ಹಿಡಿದಿಟ್ಟುಕೊಳ್ಳುವ ಇನ್ನೊಂದು ಅಣು ಬೇಕು.

ಗೊಬ್ಬರದ ಅಂಗಡಿಯಲ್ಲಿ ‘ಚಿಲೇಟೆಡ್’ ಅಂತ ಜಾಸ್ತಿ ರೇಟಿಗೆ ಮಾರುವುದು ಇದನ್ನೇ. ಈ ಅಣುಗಳಲ್ಲಿ ಹೆಸರುವಾಸಿಯಾದದ್ದು ಇಡಿಟಿಎ. ಲೋಹದ ಒಂದು ಅಯಾನನ್ನು ಆರು ಬೆರಳಲ್ಲಿ ಗೋಲಿ ಹಿಡಿದ ಹಾಗೆ ಆರು ಕಡೆಯಿಂದ ಹಿಡಿಯುತ್ತದೆ, ಹಿಡಿದ ಮೇಲೂ ನೀರಲ್ಲಿ ಕರಗಿಯೇ ಇರುತ್ತದೆ. 1930ರ ದಶಕದಲ್ಲಿ ಜರ್ಮನಿಯ ಫರ್ಡಿನಾಂಡ್ ಮ್ಯೂಂಟ್ಸ್ ಇದನ್ನು ತಯಾರಿಸಿದ್ದು ಗೊಬ್ಬರಕ್ಕೂ ಅಲ್ಲ, ಔಷಧಕ್ಕೂ ಅಲ್ಲ, ಬಟ್ಟೆಗೆ ಬಣ್ಣ ಹಾಕುವ ನೀರಿನಿಂದ ಕ್ಯಾಲ್ಸಿಯಂ ಕಾಟ ತಪ್ಪಿಸಲಿಕ್ಕೆ. ದಾವಣಗೆರೆಯಲ್ಲಿ ಮಿಲ್ಲುಗಳ ಕಾಲ ಕಂಡ ಹಿರಿಯರಿಗೆ ಗಡಸು ನೀರಿನ ಈ ರಗಳೆ ಬಿಡಿಸಿ ಹೇಳಬೇಕಿಲ್ಲ.

ಆದರೆ ಪ್ಯಾಕೆಟ್ ಮೇಲೆ ಚಿಲೇಟೆಡ್ ಅಂತ ಇದ್ದರೆ ಸಾಲದು. ಪಿಎಚ್ 7 ದಾಟಿದ, ಸುಣ್ಣ ತುಂಬಿದ ಮಣ್ಣಿನಲ್ಲಿ ಇಡಿಟಿಎ ಕಬ್ಬಿಣವನ್ನು ಬಿಟ್ಟು ಕ್ಯಾಲ್ಸಿಯಂ ಕಡೆ ಹೋಗಿಬಿಡುತ್ತದೆ. ಅಲ್ಲಿಗೆ ಬೇಕಾದದ್ದು ಇಡಿಡಿಎಚ್‌ಎ ಎಂಬ ಇನ್ನೊಂದು ಅಣು. ಅದು ಹಿಡಿದ ಕಬ್ಬಿಣ ನೀರಿಗೆ ಬಿದ್ದರೆ ಇಡೀ ನೀರು ಕಡುಗೆಂಪಾಗುತ್ತದೆ, ಪಿಎಚ್ 9ರಲ್ಲೂ ಹಿಡಿತ ಸಡಿಲಾಗುವುದಿಲ್ಲ. ರೇಟು ಇನ್ನೂ ಜಾಸ್ತಿ, ನಿಜ. ಆದರೆ ಅಗ್ಗದ್ದನ್ನು ಸುಮ್ನೆ ಸುಣ್ಣದ ಮಣ್ಣಿಗೆ ಸುರಿಯುವುದಕ್ಕಿಂತ ಆ ದುಡ್ಡು ಜೇಬಲ್ಲಿರುವುದೇ ವಾಸಿ ಅಂತ ನನ್ನ ಅಭಿಪ್ರಾಯ.

ಇದೇ ಇಡಿಟಿಎ ನಿಮ್ಮ ರಕ್ತವನ್ನೂ ಮುಟ್ಟಿದೆ. ದಾವಣಗೆರೆಯ ಯಾವ ಲ್ಯಾಬಿಗೆ ಹೋದರೂ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎಣಿಸಲು ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ಹಾಕುತ್ತಾರೆ ಅಲ್ವಾ? ಅದರ ಒಳಗೋಡೆಗೆ ಹಚ್ಚಿರುವುದು ಇಡಿಟಿಎಯ ಪೊಟ್ಯಾಸಿಯಂ ಲವಣ. ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕೇ ಬೇಕು. ಇಡಿಟಿಎ ಅದನ್ನು ಹಿಡಿದು ಕೂತರೆ ರಕ್ತ ದ್ರವವಾಗೇ ಉಳಿಯುತ್ತದೆ. ಈ ಟ್ಯೂಬಿನ ರಕ್ತ ಒಂಚೂರು ಬೇರೆ ಟ್ಯೂಬಿಗೆ ಸೇರಿದರೂ ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಸುಳ್ಳು ಸುಳ್ಳೇ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ನುರಿತ ಟೆಕ್ನಿಷಿಯನ್‌ಗಳು ಕೆಂಪು, ಹಳದಿ ಮುಚ್ಚಳದವು ತುಂಬಿಸಿದ ಮೇಲೆಯೇ ನೇರಳೆಗೆ ಬರುವುದು ಈ ಕಾರಣಕ್ಕೆ.

ಟ್ಯೂಬಿನಲ್ಲಿ ಒಳ್ಳೆಯದಾದ ಈ ಗುಣ ಮೈಯೊಳಗೆ ಜೀವ ತೆಗೆಯಬಲ್ಲದು. ಸೀಸದ ವಿಷ ಏರಿದವರಿಗೆ ಇಡಿಟಿಎ ಇಂಜೆಕ್ಷನ್ ಕೊಡುತ್ತಾರೆ, ಆದರೆ ಮೊದಲೇ ಕ್ಯಾಲ್ಸಿಯಂ ಹಿಡಿಸಿದ ಇಡಿಟಿಎಯನ್ನು. ಸೀಸದ ಜೊತೆ ಅದರ ನಂಟು ಕ್ಯಾಲ್ಸಿಯಂ ಜೊತೆಗಿನದಕ್ಕಿಂತ ಒಂದು ಕೋಟಿ ಪಟ್ಟಿಗೂ ಹೆಚ್ಚು ಗಟ್ಟಿ. ಹಾಗಾಗಿ ಸೀಸ ಸಿಕ್ಕಲ್ಲಿ ಕ್ಯಾಲ್ಸಿಯಂ ಬಿಟ್ಟು ಅದನ್ನು ಹಿಡಿದು, ಕರಗಿದ ಸ್ಥಿತಿಯಲ್ಲೇ ಮೂತ್ರದಲ್ಲಿ ಹೊರಬೀಳುತ್ತದೆ. ಕ್ಯಾಲ್ಸಿಯಂ ಇಲ್ಲದ, ಬರೀ ಸೋಡಿಯಂ ಇರುವ ಇಡಿಟಿಎ ಕೊಟ್ಟರೆ ಅದು ರಕ್ತದ ಕ್ಯಾಲ್ಸಿಯಂ ಮೇಲೇ ಬೀಳುತ್ತದೆ, ಹೃದಯ ನಿಲ್ಲಬಹುದು. ಅಮೆರಿಕದಲ್ಲಿ 2003ರಿಂದ 2005ರೊಳಗೆ ಚಿಲೇಷನ್ (ಇಂಥ ಅಣುಗಳಿಂದ ಮೈಯ ಲೋಹ ಹಿಡಿದು ಹೊರಹಾಕುವ) ಚಿಕಿತ್ಸೆಯ ನಂತರ ಕ್ಯಾಲ್ಸಿಯಂ ಕುಸಿದು ಮೂವರು ತೀರಿಕೊಂಡರು, ಇಬ್ಬರು ಚಿಕ್ಕ ಮಕ್ಕಳು. ‘ಮೈ ಕ್ಲೀನ್ ಮಾಡ್ತೀವಿ’ ಅಂತ ಯಾವ ವಿಷವೂ ಇಲ್ಲದವರಿಗೆ ಚಿಲೇಷನ್ ಮಾರುವವರನ್ನು ಕಂಡರೆ ಅದಕ್ಕೇ ಮೈ ಉರಿಯುತ್ತದೆ.

ಎಂಆರ್‌ಐಯಲ್ಲಿ ಕಥೆ ಉಲ್ಟಾ. ಚಿತ್ರ ಸ್ಪಷ್ಟವಾಗಲಿ ಅಂತ ಕೊಡುವ ಕಾಂಟ್ರಾಸ್ಟ್‌ನಲ್ಲಿರುವುದು ಗ್ಯಾಡೊಲಿನಿಯಂ ಎಂಬ ಲೋಹ. ಅದರ ಅಯಾನಿನ ಗಾತ್ರ ಹೆಚ್ಚುಕಮ್ಮಿ ಕ್ಯಾಲ್ಸಿಯಂನಷ್ಟೇ, ಬಿಡಿಯಾಗಿ ರಕ್ತಕ್ಕೆ ಬಂದರೆ ಕ್ಯಾಲ್ಸಿಯಂ ಮಾಡುವ ಕೆಲಸಗಳಿಗೆಲ್ಲ ಅಡ್ಡ ಬರುವ ವಿಷ. ಇಲ್ಲಿ ಅದನ್ನು ಹಿಡಿದಿರುವ ಅಣುವಿನ ಕೆಲಸ ಲೋಹವನ್ನು ಎಲ್ಲೂ ಬಿಡದೆ ಹಿಡಿದುಕೊಂಡೇ ಮೂತ್ರಪಿಂಡದ ದಾರಿಯಲ್ಲಿ ಹೊರಗೆ ಹೋಗುವುದು. ಮೂತ್ರಪಿಂಡ ಕೆಟ್ಟವರಲ್ಲಿ ಅದು ದಿನಗಟ್ಟಲೆ ಉಳಿಯುತ್ತದೆ, ಉಳಿದಷ್ಟೂ ಹಿಡಿತ ತಪ್ಪುವ ಅಪಾಯ ಹೆಚ್ಚು. ಇಂಥವರಲ್ಲಿ ಚರ್ಮ ಗಟ್ಟಿಯಾಗುತ್ತಾ ಕೀಲು ಮಡಚಲಾಗದ ಕಾಯಿಲೆಗೂ ಗ್ಯಾಡೊಲಿನಿಯಂಗೂ ಸಂಬಂಧ ಇದೆ ಅಂತ ಗೊತ್ತಾದದ್ದು 2006ರಲ್ಲಿ. ಅದಾದ ಮೇಲೆ ಲೋಹವನ್ನು ಉಂಗುರದಂಥ ಅಣುವಿನೊಳಗೆ ಕೂರಿಸಿದ, ಸುಲಭಕ್ಕೆ ಬಿಡದ ಬಗೆಗಳತ್ತ ವೈದ್ಯರು ವಾಲಿದರು. ಕಾಂಟ್ರಾಸ್ಟ್ ಎಂಆರ್‌ಐ ಬರೆದುಕೊಟ್ಟಾಗ ಸ್ಕ್ಯಾನ್ ಸೆಂಟರ್‌ನವರು ‘ಕ್ರಿಯಾಟಿನೈನ್ ರಿಪೋರ್ಟ್ ತಂದಿದ್ದೀರಾ?’ ಅಂತ ಕೇಳಿದರೆ ಗೊಣಗಬೇಡಿ, ನಿಮ್ಮ ಮೂತ್ರಪಿಂಡ ಇದನ್ನು ಹೊತ್ತಿಗೆ ಸರಿಯಾಗಿ ಹೊರಹಾಕುತ್ತದೋ ಇಲ್ಲವೋ ಅಂತ ಅವರಿಗೆ ತಿಳಿಯುವುದು ಅದರಿಂದಲೇ.