ಸಿಡಿಯದೆ ಕುಸಿಯುವ ಬಿಳಿ ಕುಬ್ಜಗಳು

ಬಿಳಿ ಕುಬ್ಜ ಅಂದರೆ ಉರಿದು ಮುಗಿದ ನಕ್ಷತ್ರದ ಪುಟ್ಟ, ದಟ್ಟ ಉಳಿಕೆ. ಅದು ಪಕ್ಕದ ನಕ್ಷತ್ರದಿಂದ ಅನಿಲ ಎಳೆದುಕೊಳ್ಳುತ್ತದೆ. ಸೂರ್ಯನ 1.4 ಪಟ್ಟು ತೂಕ ಮುಟ್ಟಿದಾಗ ಸೂಪರ್‌ನೋವಾ ಆಗಿ ಸಿಡಿಯುತ್ತದೆ. ಎಲ್ಲರಿಗೂ ಗೊತ್ತಿರುವ ಕಥೆ ಇದು. ಆದರೆ ಕೆಲವು ಕುಸಿದು ಇನ್ನೂ ಪುಟ್ಟ, ಇನ್ನೂ ದಟ್ಟವಾದ ನ್ಯೂಟ್ರಾನ್ ನಕ್ಷತ್ರ ಆಗುತ್ತವೆ ಎಂದೂ ಅಲ್ಲಲ್ಲಿ ಓದುತ್ತೇವೆ. ಯಾವುದು ಸರಿ? ಎರಡೂ.

1930ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ 19 ವರ್ಷದ ವಿಜ್ಞಾನಿ ಚಂದ್ರಶೇಖರ್ ಬಿಳಿ ಕುಬ್ಜದ ತೂಕದ ಮಿತಿಯ ಲೆಕ್ಕ ಹಾಕಿದರು. 1934ರಲ್ಲಿ ಖಗೋಳ ವಿಜ್ಞಾನಿಗಳಾದ ಬಾಡೆ, ಜ್ವಿಕಿ ನ್ಯೂಟ್ರಾನ್ ನಕ್ಷತ್ರದ ಮಾತೆತ್ತಿದರು. 1960ರಲ್ಲಿ ಹಾಯ್ಲ್, ಫೌಲರ್ ಸಿಡಿತದ ಕಾರಣ ಹೇಳಿದರು. 1967ರಲ್ಲಿ ಪಲ್ಸಾರ್, ಅಂದರೆ ತಿರುಗುತ್ತಾ ರೇಡಿಯೋ ಮಿಡಿತ ಕಳಿಸುವ ನ್ಯೂಟ್ರಾನ್ ನಕ್ಷತ್ರ, ಸಿಕ್ಕಿತು. ಸಿಡಿತ ದೂರದಿಂದಲೂ ಕಾಣುತ್ತದೆ, ಹಾಗಾಗಿ ಎಲ್ಲರ ಗಮನ ಅದರ ಮೇಲೇ. ಕುಸಿತ ಮೂಲೆಗೆ ಬಿತ್ತು.

ಕುಸಿತದ ವಿಚಾರಕ್ಕೆ ಜೀವ ಬಂದದ್ದು 1970–80ರ ದಶಕಗಳಲ್ಲಿ. ಬಿಳಿ ಕುಬ್ಜಗಳೆಲ್ಲ ಒಂದೇ ಸರಕಿನವಲ್ಲ, ಅಲ್ವಾ? ಹೆಚ್ಚಿನವು ಕಾರ್ಬನ್ ಮತ್ತು ಆಕ್ಸಿಜನ್. ಮಿತಿ ಹತ್ತಿರ ಬರುವಾಗಲೇ ಕಾರ್ಬನ್ ಹೊತ್ತಿಕೊಂಡು ಇಡೀ ನಕ್ಷತ್ರ ಚೂರಾಗುತ್ತದೆ. ಆದರೆ ಇನ್ನೂ ದೊಡ್ಡ ನಕ್ಷತ್ರಗಳು ಬಿಟ್ಟುಹೋದ ಕುಬ್ಜಗಳಲ್ಲಿ ಕಾರ್ಬನ್ ಆಗಲೇ ಉರಿದುಹೋಗಿರುತ್ತದೆ. ಉಳಿದಿರುವುದು ಆಕ್ಸಿಜನ್, ನಿಯಾನ್, ಒಂಚೂರು ಮೆಗ್ನೀಸಿಯಂ. ತೂಕ ಏರಿದಂತೆ ಇವುಗಳ ನಡುಭಾಗ ಎಷ್ಟು ಇಕ್ಕಟ್ಟಾಗುತ್ತದೆಂದರೆ, ಒಂದು ಘನ ಸೆಂಟಿಮೀಟರಿನಲ್ಲಿ ಸಾವಿರಾರು ಟನ್! ಆಗ ಮೊದಲು ಮೆಗ್ನೀಸಿಯಂ, ಆಮೇಲೆ ನಿಯಾನ್ ಪರಮಾಣುಗಳ ನ್ಯೂಕ್ಲಿಯಸ್‌ಗಳು ಎಲೆಕ್ಟ್ರಾನ್‌ಗಳನ್ನು ನುಂಗತೊಡಗುತ್ತವೆ. ನಕ್ಷತ್ರವನ್ನು ಎತ್ತಿ ಹಿಡಿದಿದ್ದದ್ದೇ ಎಲೆಕ್ಟ್ರಾನ್‌ಗಳ ಒತ್ತಡ. ಚಪ್ಪರದ ಕಂಬಗಳನ್ನು ಒಂದೊಂದಾಗಿ ಕಿತ್ತಂತೆ. ಅಷ್ಟರಲ್ಲಿ ಆಕ್ಸಿಜನ್ ಹೊತ್ತಿಕೊಳ್ಳುತ್ತದೆ. ಉರಿ ಹೊರಕ್ಕೆ ತಳ್ಳುತ್ತದೆ, ಎಲೆಕ್ಟ್ರಾನ್ ನಷ್ಟ ಒಳಕ್ಕೆ ಎಳೆಯುತ್ತದೆ. ಎಳೆತ ಗೆದ್ದರೆ ಸುಮಾರು 25 ಕಿ.ಮೀ. ಅಗಲದ ನ್ಯೂಟ್ರಾನ್ ನಕ್ಷತ್ರ ಉಳಿಯುತ್ತದೆ.

ಮೊದಲ ತೂಕ ಎಷ್ಟು, ಅನಿಲ ಎಷ್ಟು ವೇಗವಾಗಿ ಬೀಳುತ್ತದೆ ಎಂಬುದರ ಮೇಲೆ ಯಾವುದು ಸಿಡಿಯುತ್ತದೆ, ಯಾವುದು ಕುಸಿಯುತ್ತದೆ ಎಂದು 1991ರಲ್ಲಿ ನೊಮೊಟೊ, ಕೊಂಡೊ ವಿಂಗಡಿಸಿದರು. 2016ರ ಕಂಪ್ಯೂಟರ್ ಲೆಕ್ಕಗಳು ಮೂರನೇ ದಾರಿಯನ್ನೂ ತೋರಿಸಿದವು. ಕೆಲವೊಮ್ಮೆ ಒಂದು ಪಾಲು ಹಾರಿಹೋಗಿ, ಉಳಿದದ್ದು ಮತ್ತೆ ಬಿಳಿ ಕುಬ್ಜವೇ ಆಗಬಹುದು. ತಲೆನೋವು ಜಾಸ್ತಿಯೇ ಆಯಿತು.

ಕುಸಿತವನ್ನು ಖಚಿತವಾಗಿ ಕಂಡವರಿಲ್ಲ. ಹೊರಬೀಳುವ ವಸ್ತು ತೀರಾ ಕಡಿಮೆ, ಬೆಳಕು ಮಂಕು, ಬೇಗ ಆರುತ್ತದೆ. ಹಾಗಂತ ಇದು ಸುಮ್ನೆ ಕಾಗದದ ಲೆಕ್ಕವಲ್ಲ. ದೊಡ್ಡ ನಕ್ಷತ್ರಗಳು ಸಾಯುವಾಗಿನ ಮಾಮೂಲಿ ಸೂಪರ್‌ನೋವಾದಲ್ಲಿ ಹುಟ್ಟುವ ಪಲ್ಸಾರ್‌ಗಳು ಹೆಚ್ಚಾಗಿ ಸೆಕೆಂಡಿಗೆ ನೂರಾರು ಕಿ.ಮೀ. ವೇಗದಲ್ಲಿ ಓಡುತ್ತವೆ. 47 ಟುಕಾನೆಯಂಥ ಹಳೆಯ ನಕ್ಷತ್ರಗುಚ್ಛಗಳಿಗೆ ಅಂಥವನ್ನು ಹಿಡಿದಿಡುವ ಶಕ್ತಿ ಇಲ್ಲ. ಆದರೂ ಅಲ್ಲಿ ಪಲ್ಸಾರ್‌ಗಳು ಗುಂಪಾಗಿವೆ. ಕೆಲವಾದರೂ ಕುಸಿತದಲ್ಲಿ, ಅಷ್ಟು ಜೋರಾಗಿ ಚಿಮ್ಮದೆ ಹುಟ್ಟಿದವಿರಬಹುದು. ಎನ್‌ಜಿಸಿ 6440 ಎಂಬ ಗುಚ್ಛದಲ್ಲಂತೂ ಎಳೆಯದಾಗಿ ಕಾಣುವ ಪಲ್ಸಾರ್ ಇದೆ. ಅಲ್ಲಿನ ದೊಡ್ಡ ನಕ್ಷತ್ರಗಳು ಸತ್ತು ನೂರಾರು ಕೋಟಿ ವರ್ಷ ಆಗಿದೆ. ಅದನ್ನು ಹುಟ್ಟಿಸಲು ಅಲ್ಲಿ ಉಳಿದಿರುವವರಲ್ಲಿ ಬಿಳಿ ಕುಬ್ಜದ ಮೇಲೇ ಅನುಮಾನ ಜಾಸ್ತಿ.