ಹಳೇ ಲ್ಯಾಪ್‌ಟಾಪ್ ಈಗಲೇ ಬದಲಿಸಲೇ, ಇನ್ನಷ್ಟು ದಿನ ಕಾಯಲೇ?

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕಿ. ನನ್ನ ಲ್ಯಾಪ್‌ಟಾಪ್ 2018ರಲ್ಲಿ ಕೊಂಡದ್ದು. ಇಂಟೆಲ್ ಐ3 ಏಳನೇ ಜನರೇಷನ್ ಪ್ರೊಸೆಸರ್, 4 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿದರೆ ಕೆಲಸಕ್ಕೆ ಸಿಗುವಷ್ಟರಲ್ಲಿ ಹತ್ತು ನಿಮಿಷ ಹಿಡಿಯುತ್ತದೆ. ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆಗೆದರೆ ಹ್ಯಾಂಗ್. ಇದಕ್ಕೆ ವಿಂಡೋಸ್ 11 ಆಗುವುದಿಲ್ಲ ಅಂತ ಬೇರೆ ತೋರಿಸುತ್ತಿದೆ. ನುಡಿ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ, ಎಕ್ಸೆಲ್‌ನಲ್ಲಿ ಅಂಕಪಟ್ಟಿ, ಆಗಾಗ ಆನ್‌ಲೈನ್ ಮೀಟಿಂಗ್, ಬ್ಯಾಂಕ್ ಕೆಲಸ, ಇಷ್ಟೇ ನನ್ನ ಬಳಕೆ. ಮಗಳು 2027ರಲ್ಲಿ ಪಿಯುಸಿ ಮುಗಿಸುತ್ತಾಳೆ. ಈಗಲೇ ಹೊಸದು ತಗೊಳ್ಳಲೇ, ಇದಕ್ಕೇ ಏನಾದರೂ ಹಾಕಿಸಲೇ, ಬೆಲೆ ಇಳಿಯುವ ತನಕ ಕಾಯಲೇ?

ಉತ್ತರ: ಹೊಸದು ಈಗ ಬೇಡ. ಹಾರ್ಡ್ ಡಿಸ್ಕ್ ತೆಗೆಸಿ ಎಸ್ಎಸ್‌ಡಿ (ಚಿಪ್ಪಿನಲ್ಲೇ ಫೈಲ್ ಇಡುವ, ಹೆಚ್ಚು ವೇಗದ ಡಿಸ್ಕ್) ಹಾಕಿಸಿ, ಮಗಳ ಕಾಲೇಜು ಯಾವುದು, ಕೋರ್ಸ್ ಯಾವುದು ಅಂತ ಗೊತ್ತಾಗುವ ತನಕ ಇದನ್ನೇ ನಡೆಸಿ. ಬೆಲೆ ಇಳಿಯಲಿ ಅಂತ ಮಾತ್ರ ಕಾಯಬೇಡಿ. ಕಾಯುವುದಕ್ಕೆ ನಿಮ್ಮ ಹತ್ತಿರ ಅದಕ್ಕಿಂತ ಒಳ್ಳೆಯ ಕಾರಣ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಎಂಟು ವರ್ಷ ಆಯಿತು, ಹಾಗಾಗಿ ಮಷೀನೇ ಮುಗಿಯಿತು ಎಂಬ ತೀರ್ಮಾನಕ್ಕೆ ತುಂಬ ಜನ ಬರುತ್ತಾರೆ. ಅಂಗಡಿಯವರೂ ಅದನ್ನೇ ಹೇಳುತ್ತಾರೆ. ಆದರೆ ಲ್ಯಾಪ್‌ಟಾಪ್ ಇಡಿಯಾಗಿ ಮುದಿಯಾಗುವುದು ಅಪರೂಪ. ಅದರಲ್ಲಿ ಯಾವುದೋ ಒಂದು ಭಾಗ ಉಳಿದವನ್ನೆಲ್ಲ ಕಾಯಿಸುತ್ತಿರುತ್ತದೆ. ಆ ಭಾಗ ಯಾವುದು ಅಂತ ಮನೆಯಲ್ಲೇ ಕೂತು ನೋಡಬಹುದು.

ಲ್ಯಾಪ್‌ಟಾಪ್ ಹ್ಯಾಂಗ್ ಆಗುವ ಹೊತ್ತಿಗೆ ಸರಿಯಾಗಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಅನ್ನುವ ಟ್ಯಾಬ್‌ಗೆ ಹೋಗಿ. ಎಡಗಡೆ ಸಿಪಿಯು (ಅಂದರೆ ಪ್ರೊಸೆಸರ್), ಮೆಮೊರಿ (ಅಂದರೆ ರ್‍ಯಾಮ್), ಡಿಸ್ಕ್ ಅಂತ ಸಾಲಾಗಿ ಇರುತ್ತವೆ, ಪಕ್ಕದಲ್ಲೇ ಶೇಕಡಾವಾರು. ನಿಮ್ಮಂಥ ಮಷೀನಿನಲ್ಲಿ ನಾನು ಕಾಣುವ ಚಿತ್ರ ಹೆಚ್ಚುಕಮ್ಮಿ ಒಂದೇ: ಸಿಪಿಯು 20, 30ರಲ್ಲಿ ಆರಾಮಾಗಿ ಇರುತ್ತದೆ, ಮೆಮೊರಿ 85 ದಾಟಿರುತ್ತದೆ, ಡಿಸ್ಕ್ ಮಾತ್ರ 100ಕ್ಕೆ ಹೋಗಿ ಅಲ್ಲೇ ನಿಂತುಬಿಟ್ಟಿರುತ್ತದೆ. ಡಿಸ್ಕ್ ಮೇಲೆ ಕ್ಲಿಕ್ ಮಾಡಿ ಗ್ರಾಫ್ ನೋಡಿದರೆ ಮೇಲಿನ ಗೆರೆಗೆ ಅಂಟಿಕೊಂಡಿರುತ್ತದೆ. ಅದೇ ಹೊತ್ತಿಗೆ ಕೆಳಗೆ ಬರೆದಿರುವ ವೇಗ ನೋಡಿ, ಸೆಕೆಂಡಿಗೆ ಒಂದೋ ಎರಡೋ ಎಂಬಿ ಇರುತ್ತದೆ. ನೂರಕ್ಕೆ ನೂರು ದುಡಿಯುತ್ತಿದೆ, ಆದರೆ ಸಾಗಿಸುತ್ತಿರುವುದು ಅಷ್ಟು ಸ್ವಲ್ಪ. ಇದು ಹೇಗೆ?

ಹಾರ್ಡ್ ಡಿಸ್ಕಿನ ಒಳಗೆ ಒಂದು ತಟ್ಟೆ ತಿರುಗುತ್ತಿರುತ್ತದೆ, ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ಫೈಲ್ ಬೇಕೆಂದಾಗ ಒಂದು ಸಣ್ಣ ಕೈ ಸರಿಯಾದ ಜಾಗಕ್ಕೆ ಹೋಗಿ, ತಟ್ಟೆಯ ಆ ಭಾಗ ತನ್ನ ಕೆಳಗೆ ಬರುವ ತನಕ ಕಾಯಬೇಕು. ಒಂದು ಸುತ್ತಿಗೇ 11 ಮಿಲಿಸೆಕೆಂಡ್. ಕೈ ಓಡಾಡುವ ಹೊತ್ತನ್ನೂ ಸೇರಿಸಿದರೆ, ಬೇರೆ ಬೇರೆ ಜಾಗದಲ್ಲಿರುವ ಸಣ್ಣ ಸಣ್ಣ ತುಣುಕುಗಳನ್ನು ಅದು ಸೆಕೆಂಡಿಗೆ ನೂರು ಸಲವೂ ತಂದುಕೊಡಲಾರದು. ಒಂದು ಸಿನಿಮಾ ಕಾಪಿ ಮಾಡುವಾಗ ಈ ತೊಂದರೆ ಗೊತ್ತಾಗುವುದಿಲ್ಲ, ಅದು ಒಂದೇ ಕಡೆ ಉದ್ದಕ್ಕೆ ಇರುತ್ತದೆ. ವಿಂಡೋಸ್ ಶುರುವಾಗುವಾಗ ಬೇಕಾಗುವುದು ಸಾವಿರಾರು ಸಣ್ಣ ಫೈಲು. ಎಸ್ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಓಡಾಡುವ ಕೈಯೂ ಇಲ್ಲ. ಸಾಧಾರಣ ಎಸ್ಎಸ್‌ಡಿ ಕೂಡ ಅಂಥ ತುಣುಕುಗಳನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕೊಡುತ್ತದೆ. ಹಾಗಾಗಿ ಪ್ರೊಸೆಸರ್ ಹಳೆಯದೇ ಆದರೂ ಲ್ಯಾಪ್‌ಟಾಪ್ ಅರ್ಧ ನಿಮಿಷದ ಆಸುಪಾಸಿನಲ್ಲಿ ಕೆಲಸಕ್ಕೆ ಸಿಗುತ್ತದೆ.

ನಿಮ್ಮ ಮಷೀನಿಗೆ ಎರಡನೆಯ ಕಷ್ಟವೂ ಇದೆ. 4 ಜಿಬಿ ರ್‍ಯಾಮಿನಲ್ಲಿ ದೊಡ್ಡ ಪಾಲನ್ನು ವಿಂಡೋಸೇ ಇಟ್ಟುಕೊಳ್ಳುತ್ತದೆ. ಉಳಿದದ್ದು ಬ್ರೌಸರ್‌ಗೆ ಸಾಲದು. ಸಾಲದೆ ಬಂದದ್ದನ್ನು ವಿಂಡೋಸ್ ಡಿಸ್ಕಿನ ಮೇಲೆ ಇಡುತ್ತದೆ, ಬೇಕಾದಾಗ ಮತ್ತೆ ಎತ್ತಿಕೊಳ್ಳುತ್ತದೆ. ಮೊದಲೇ ಏದುಸಿರು ಬಿಡುತ್ತಿರುವ ಹಾರ್ಡ್ ಡಿಸ್ಕಿನ ಮೇಲೆ ರ್‍ಯಾಮಿನ ಹೊರೆಯೂ ಬೀಳುತ್ತದೆ. ಎಸ್ಎಸ್‌ಡಿ ಹಾಕಿದರೆ ಈ ಹೊರೆ ಹಗುರವಾಗುತ್ತದೆ, ಇಲ್ಲವಾಗುವುದಿಲ್ಲ. ಆದ್ದರಿಂದ ಮೊದಲು ಎಸ್ಎಸ್‌ಡಿ ಹಾಕಿಸಿ, ಎರಡು ವಾರ ಬಳಸಿ. ಆಮೇಲೂ ನಾಲ್ಕು ಟ್ಯಾಬಿಗೆ ಮೆಮೊರಿ 90 ತೋರಿಸಿ ಕೆಲಸ ತಡೆದರೆ ಇನ್ನೊಂದು 4 ಜಿಬಿ ಸೇರಿಸಿ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ರ್‍ಯಾಮ್ ಕೂರಿಸುವ ಸ್ಲಾಟುಗಳು ಎಷ್ಟು, ಅದರಲ್ಲಿ ಎಷ್ಟು ತುಂಬಿದೆ ಅಂತ ಬರೆದಿರುತ್ತದೆ. ಒಂದು ಖಾಲಿ ಇದ್ದರೆ ಸಲೀಸು. ಈ ಕಾಲದ ಮಷೀನುಗಳಲ್ಲಿ ಹೆಚ್ಚಿನವಕ್ಕೆ ಡಿಡಿಆರ್4 ಬಗೆಯ ರ್‍ಯಾಮ್, ಕೆಲವಕ್ಕೆ ಡಿಡಿಆರ್3ಎಲ್. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ, ನೋಡಿಕೊಂಡೇ ತರಬೇಕು.

ರ್‍ಯಾಮ್ ಬೆಲೆ ಕೇಳಿದಾಗ ಬೆಚ್ಚಬೇಡಿ. 2025ರ ಕೊನೆಯ ತಿಂಗಳುಗಳಲ್ಲಿ ಅದು ವಿಪರೀತ ಏರಿತು. ಜಗತ್ತಿನ ರ್‍ಯಾಮಿನಲ್ಲಿ ಬಹುಪಾಲು ತಯಾರಿಸುವವರು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂವರೇ. ಎಐ ಡೇಟಾ ಸೆಂಟರುಗಳು ಕೊಡುವ ದುಡ್ಡಿಗೆ ಮೂವರೂ ಆ ಕಡೆ ತಿರುಗಿದರು. ನಮ್ಮ ಅಂಗಡಿಗಳಲ್ಲಿ ಮನೆಮಾತಾಗಿದ್ದ ಕ್ರೂಶಿಯಲ್ ಬ್ರ್ಯಾಂಡಿನ ಮಾರಾಟವನ್ನೇ ನಿಲ್ಲಿಸುವುದಾಗಿ ಮೈಕ್ರಾನ್ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ನಿಮಗೆ ಬೇಕಾಗಿರುವುದು ಒಂದು 4 ಜಿಬಿ ಸ್ಟಿಕ್ ಅಷ್ಟೇ. ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ನಿಮ್ಮ ಊರಿನ ರಿಪೇರಿ ಅಂಗಡಿಯಲ್ಲೋ, ಬೇರೆ ಲ್ಯಾಪ್‌ಟಾಪಿನಿಂದ ತೆಗೆದ ಹಳೆಯ ಸ್ಟಿಕ್ ಸಿಗುತ್ತದೆ. ರ್‍ಯಾಮ್ ಬಳಸಿ ಸವೆಯುವ ವಸ್ತುವಲ್ಲ. ವಾಪಸ್ ಕೊಡಲು ಒಂದು ತಿಂಗಳು ಅವಕಾಶ ಕೊಡುವ ಅಂಗಡಿಯಾದರೆ ಧೈರ್ಯವಾಗಿ ತಗೊಳ್ಳಿ. ಎಸ್ಎಸ್‌ಡಿ ಮಾತ್ರ ಹೊಸದೇ ಇರಲಿ. ಅದು ಬರೆದಷ್ಟೂ ಸವೆಯುತ್ತದೆ, ಮೇಲಾಗಿ ನಿಮ್ಮ ಫೈಲುಗಳೆಲ್ಲ ಅದರಲ್ಲೇ ಇರುತ್ತವೆ.

ಅಂಗಡಿಗೆ ಹೋಗುವ ಮುಂಚೆ ಒಂದೆರಡು ಎಚ್ಚರಿಕೆ. ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಫೋಟೋ ಎಲ್ಲವನ್ನೂ ಪೆನ್‌ಡ್ರೈವ್‌ಗೋ ಬೇರೆ ಕಡೆಗೋ ಕಾಪಿ ಮಾಡಿಕೊಳ್ಳಿ. ಹಳೇ ಡಿಸ್ಕಿನಲ್ಲಿರುವುದನ್ನು ಇದ್ದ ಹಾಗೇ ಎಸ್ಎಸ್‌ಡಿಗೆ ಕ್ಲೋನ್ ಮಾಡಿಕೊಡಿ ಅಂತ ಕೇಳಿ. ಆಗ ನುಡಿ, ಆಫೀಸ್ ಯಾವುದನ್ನೂ ಮತ್ತೆ ಹಾಕುವ ಕೆಲಸ ಇರುವುದಿಲ್ಲ. ಹೊಸದಾಗಿಯೇ ವಿಂಡೋಸ್ ಹಾಕಬೇಕಾಗಿ ಬಂದರೂ ಅದಕ್ಕೆ ಬೇರೆ ದುಡ್ಡು ಕೊಡುವ ಅಗತ್ಯ ಇಲ್ಲ. ಲ್ಯಾಪ್‌ಟಾಪಿನ ಜೊತೆ ಬಂದ ವಿಂಡೋಸ್ ಲೈಸೆನ್ಸ್ ಮದರ್‌ಬೋರ್ಡಿಗೆ ಸೇರಿದ್ದು. ಅದೇ ಎಡಿಷನ್ ಹಾಕಿ ಇಂಟರ್ನೆಟ್ ಕೊಟ್ಟರೆ ತಾನಾಗಿಯೇ ಆಕ್ಟಿವೇಟ್ ಆಗುತ್ತದೆ. ಕ್ರ್ಯಾಕ್ ಹಾಕಿದ ವಿಂಡೋಸ್ ಕೊಡಲು ಬಂದರೆ ಖಡಾಖಂಡಿತವಾಗಿ ಬೇಡ ಅನ್ನಿ. ಆ ಕ್ರ್ಯಾಕಿನ ಜೊತೆ ಏನು ಬರುತ್ತದೆ ಅಂತ ಹಾಕಿಕೊಟ್ಟವರಿಗೂ ಗೊತ್ತಿರುವುದಿಲ್ಲ, ಮತ್ತು ನೀವು ಬ್ಯಾಂಕ್ ಪಾಸ್‌ವರ್ಡ್ ಒತ್ತುವುದು ಅದೇ ಮಷೀನಿನಲ್ಲಿ. ಹಳೇ ಹಾರ್ಡ್ ಡಿಸ್ಕನ್ನು ಕೇಳಿ ವಾಪಸ್ ತನ್ನಿ. ಒಂದು ಯುಎಸ್‌ಬಿ ಕೇಸಿಗೆ ಹಾಕಿಸಿದರೆ ಫೋಟೋ ಇಡಲು ಆಗುತ್ತದೆ. ನಾಳೆ ಈ ಲ್ಯಾಪ್‌ಟಾಪ್ ಹೋದರೆ ಎಸ್ಎಸ್‌ಡಿಯನ್ನೂ ಹಾಗೇ ಬಳಸಬಹುದು, ಆದ್ದರಿಂದ ಅದಕ್ಕೆ ಹಾಕಿದ ದುಡ್ಡು ದಂಡವಲ್ಲ.

ಕವರ್ ಬಿಚ್ಚಿದಾಗಲೇ ಬ್ಯಾಟರಿ ನೋಡಿಸಿ. ಇದನ್ನು ನೀವೂ ಮನೆಯಲ್ಲಿ ಪರೀಕ್ಷಿಸಬಹುದು. ಲ್ಯಾಪ್‌ಟಾಪನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಮೂಲೆ ಒತ್ತಿ, ಅಲುಗಾಡುತ್ತದೆಯಾ? ಟಚ್‌ಪ್ಯಾಡ್ ಒಂದು ಕಡೆ ಎದ್ದಿದೆಯಾ, ಕ್ಲಿಕ್ ಗಟ್ಟಿಯಾಗಿದೆಯಾ? ಮುಚ್ಚಿದಾಗ ಮುಂದೆ ಸಂದು ಬಿಡುತ್ತದೆಯಾ? ಇವುಗಳಲ್ಲಿ ಯಾವುದಿದ್ದರೂ ಬ್ಯಾಟರಿ ಊದಿಕೊಂಡಿರುವ ಸಾಧ್ಯತೆ ಇದೆ. ಹಾಗಿದ್ದರೆ ಚಾರ್ಜ್ ಹಾಕುವುದನ್ನು ಅವತ್ತೇ ನಿಲ್ಲಿಸಿ. ಊದಿದ ಲಿಥಿಯಂ ಬ್ಯಾಟರಿ ಬೆಂಕಿ ಹಿಡಿಯಬಹುದು. ಉಳಿದ ಯಾವ ಖರ್ಚನ್ನು ಮುಂದೂಡಿದರೂ ಇದನ್ನು ಮುಂದೂಡಬಾರದು.

ಈಗ ವಿಂಡೋಸ್ ವಿಷಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಲ್ಯಾಪ್‌ಟಾಪ್ ನಿಲ್ಲುವುದಿಲ್ಲ, ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳಿಗೆ ಅಪ್‌ಡೇಟ್ ಬರುವುದಿಲ್ಲ. ಬ್ಯಾಂಕ್ ಕೆಲಸ ಮಾಡುವವರು ಇದನ್ನು ಹಗುರವಾಗಿ ತಗೊಳ್ಳಬಾರದು. ಮನೆಬಳಕೆಯವರಿಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಸೌಲಭ್ಯ ಇದೆ, 2026ರ ಅಕ್ಟೋಬರ್ 13ರ ತನಕ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟಕ್ಕೆ ಹೋದರೆ ಸೇರಿಕೊಳ್ಳುವ ಲಿಂಕ್ ಕಾಣುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್‌ಗೆ ಒಪ್ಪಿದರೆ ದುಡ್ಡು ಕೊಡಬೇಕಿಲ್ಲ. ಇವತ್ತೇ ಸೇರಿಕೊಳ್ಳಿ.

ವಿಂಡೋಸ್ 11 ಇಂಟೆಲ್‌ನಲ್ಲಿ ಎಂಟನೇ ಜನರೇಷನ್‌ನಿಂದ ಮೇಲಕ್ಕೆ, ಬೆರಳೆಣಿಕೆಯ ಅಪವಾದ ಬಿಟ್ಟು. ನಿಮ್ಮದು ಒಂದೇ ಮೆಟ್ಟಿಲು ಕೆಳಗೆ ನಿಂತಿದೆ. ತಪಾಸಣೆಯನ್ನು ದಾಟಿಸಿ ವಿಂಡೋಸ್ 11 ಹಾಕಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಅಂಥ ಮಷೀನಿಗೆ ಅಪ್‌ಡೇಟ್ ಬರುವ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಭದ್ರತೆಗೋಸ್ಕರ ಮಾಡುವ ಕೆಲಸದಲ್ಲಿ ಭದ್ರತೆಯೇ ಇಲ್ಲದಿದ್ದರೆ ಏನು ಪ್ರಯೋಜನ.

ಆ ಅಕ್ಟೋಬರ್ ಆದ ಮೇಲೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್‌ಗೆ ಬದಲಾಯಿಸಬಹುದು. ಅದು ಉಚಿತ, ಎಸ್ಎಸ್‌ಡಿ ಇರುವ ಹಳೇ ಐ3ಯಲ್ಲಿ ಚೆನ್ನಾಗಿ ಓಡುತ್ತದೆ, ಗೂಗಲ್ ಮೀಟ್, ಬ್ಯಾಂಕ್ ಸೈಟು ಎಲ್ಲ ಬ್ರೌಸರ್‌ನಲ್ಲೇ ನಡೆಯುತ್ತವೆ. ನಿಮಗೆ ತೊಡಕಾಗುವುದು ನುಡಿ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಗಳು ಯೂನಿಕೋಡ್ (ಬೇರೆ ಬೇರೆ ಸಾಧನಗಳಲ್ಲಿ ಒಂದೇ ಥರ ಓದಬಹುದಾದ ಅಕ್ಷರ ಸಂಕೇತ) ಅಲ್ಲ. ಲಿನಕ್ಸ್‌ನಲ್ಲಿ ಆ ಫಾಂಟ್ ಹಾಕದಿದ್ದರೆ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆ ಕಾಣುತ್ತವೆ. ಆದ್ದರಿಂದ ಈಗಿನಿಂದಲೇ ಹೊಸ ಪ್ರಶ್ನೆಪತ್ರಿಕೆಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಬೇಕಾದ ಹಳೆಯವನ್ನು ಕನ್ವರ್ಟರ್‌ನಲ್ಲಿ ಬದಲಿಸಿಟ್ಟುಕೊಳ್ಳಿ. ನೀವು ಲಿನಕ್ಸ್‌ಗೆ ಹೋಗದಿದ್ದರೂ ಈ ಕೆಲಸ ವ್ಯರ್ಥವಲ್ಲ, ಯೂನಿಕೋಡ್ ಕಡತ ಫೋನಿನಲ್ಲೂ ತೆರೆಯುತ್ತದೆ. ನುಡಿಯ ಕೀಲಿಮಣೆ ವಿನ್ಯಾಸವೇ ಲಿನಕ್ಸ್‌ನಲ್ಲೂ ಇರುವುದರಿಂದ ಬೆರಳಿನ ಅಭ್ಯಾಸ ಬದಲಿಸಬೇಕಿಲ್ಲ.

ಇನ್ನು ಹೊಸದನ್ನು ಯಾವಾಗ ಕೊಳ್ಳುವುದು? ಬೆಲೆ ಇಳಿಯಲಿ ಅಂತ ಕಾಯಬೇಡಿ ಎಂದದ್ದಕ್ಕೆ ಕಾರಣ ಮೇಲೆ ಹೇಳಿದ ರ್‍ಯಾಮೇ. ರ್‍ಯಾಮ್ ಏರಿದರೆ ಲ್ಯಾಪ್‌ಟಾಪೂ ಏರುತ್ತದೆ, ಮೆಮೊರಿ ಕಾರ್ಖಾನೆ ಕಟ್ಟಿ ಉತ್ಪಾದನೆ ಹೆಚ್ಚಿಸಲು ವರ್ಷಗಳೇ ಹಿಡಿಯುತ್ತವೆ. ಹೊಸ ಪ್ರೊಸೆಸರ್ ಬರಲಿ ಅಂತ ಕಾಯುವುದಕ್ಕೂ ಕೊನೆಯಿಲ್ಲ. ಪ್ರತಿ ಜನವರಿಯಲ್ಲಿ ಲಾಸ್ ವೇಗಾಸ್‌ನ ಸಿಇಎಸ್ ಮೇಳದಲ್ಲಿ ಹೊಸವು ಬಂದೇ ಬರುತ್ತವೆ.

ನೀವು ಕಾಯಬೇಕಾದದ್ದು ಮಗಳ ಕೋರ್ಸಿಗೆ. ಬಿ.ಕಾಂ.ಗೆ ಹೋದರೆ ಸಾಧಾರಣ ಲ್ಯಾಪ್‌ಟಾಪ್ ಧಾರಾಳ ಸಾಕು. ಆರ್ಕಿಟೆಕ್ಚರ್‌ಗೆ ಹೋದರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವ, ತೂಕದ, ದುಬಾರಿ ಮಷೀನು ಬೇಕಾಗಬಹುದು. ಕಂಪ್ಯೂಟರ್ ಸೈನ್ಸ್‌ಗೆ ರ್‍ಯಾಮ್ ಹೆಚ್ಚಿರಬೇಕು. ಈಗಲೇ ಕೊಂಡರೆ ಇವುಗಳಲ್ಲಿ ಒಂದನ್ನು ಊಹಿಸಿ ಕೊಂಡಂತೆ. ಜೊತೆಗೆ ಸಾಮಾನ್ಯವಾಗಿ ವಾರಂಟಿ ಒಂದೇ ವರ್ಷ. ಅವಳು ಕಾಲೇಜು ಸೇರುವ ಹೊತ್ತಿಗೆ ಅದು ಮುಗಿದಿರುತ್ತದೆ. ಒಂದು ವರ್ಷದಲ್ಲಿ ಬೆಲೆ ಸ್ವಲ್ಪ ಏರಿದರೂ ಇಡೀ ವಾರಂಟಿಯನ್ನು ಕಳೆದುಕೊಳ್ಳುವುದಕ್ಕಿಂತ ಅದು ಮೇಲು ಅನ್ನುವುದು ನನ್ನ ಅಭಿಪ್ರಾಯ. ಅವಳು ಇದೇ ವರ್ಷ ಕಾಲೇಜು ಸೇರುವವಳಾಗಿದ್ದರೆ ತಡ ಮಾಡದೆ ಕೊಳ್ಳಿ ಅನ್ನುತ್ತಿದ್ದೆ.

ಕೊಳ್ಳುವಾಗ 16 ಜಿಬಿ ರ್‍ಯಾಮ್ ಇರಲಿ. ತೆಳ್ಳಗಿನ ಮಾಡೆಲುಗಳಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಈಗ ನಿಮ್ಮದಕ್ಕೆ ಮಾಡುತ್ತಿರುವಂತೆ ಮುಂದೆ ಸೇರಿಸಲು ಆಗುವುದಿಲ್ಲ. ಖಾಲಿ ಸ್ಲಾಟ್ ಇದೆಯಾ ಅಂತ ಮೊದಲೇ ಕೇಳಿ. ಸೆಕೆಂಡ್ ಹ್ಯಾಂಡ್ ನೋಡುವುದಾದರೆ ಕಂಪನಿಗಳು ಬಳಸಿ ಮಾರಿದ ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್‌ಗಳು ಗಟ್ಟಿಮುಟ್ಟು. ಆದರೆ ಐ7 ಅನ್ನುವ ಸ್ಟಿಕ್ಕರ್‌ಗೆ ಮರುಳಾಗಬೇಡಿ, ಆರನೇ ಜನರೇಷನ್‌ನ ಐ7 ಕೂಡ ನಿಮ್ಮದರ ಹಾಗೇ ವಿಂಡೋಸ್ 11ರ ಹೊರಗೆ ನಿಂತಿದೆ. ಎಂಟನೆಯದರಲ್ಲಿ ಇಂಟೆಲ್ ಇನ್ನೊಂದು ದೊಡ್ಡ ಬದಲಾವಣೆಯನ್ನೂ ಮಾಡಿತು: ತೆಳು ಲ್ಯಾಪ್‌ಟಾಪಿನ ಐ5ರಲ್ಲಿ 2 ಕೋರ್ (ಪ್ರೊಸೆಸರಿನೊಳಗೆ ಕೆಲಸ ಮಾಡುವ ಘಟಕ) ಇದ್ದದ್ದು 4 ಆಯಿತು. ಹಾಗಾಗಿ ಏಳನೆಯ ಐ5-7200ಯು ಮತ್ತು ಎಂಟನೆಯ ಐ5-8250ಯು ಹೆಸರಿನಲ್ಲಿ ನೆರೆಹೊರೆ, ಕೆಲಸದಲ್ಲಿ ಬಹಳ ದೂರ.

ಈ ಮಧ್ಯೆ ನಿಮ್ಮ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಕೆಟ್ಟರೆ, ಅಥವಾ ಹಿಂಜ್ ಮುರಿದು ಸ್ಕ್ರೀನೂ ಹೋದರೆ, ರಿಪೇರಿ ಖರ್ಚು ಹೊಸದರ ಮೂರನೇ ಒಂದು ಪಾಲು ಮುಟ್ಟಿದ ಕೂಡಲೇ ನಿಲ್ಲಿಸಿ. ಅಲ್ಲಿಂದ ಮುಂದೆ ಹಾಕುವ ದುಡ್ಡನ್ನು ಹೊಸದಕ್ಕೆ ಇಟ್ಟುಕೊಳ್ಳುವುದು ಸರಿ. ಆಗ ಅದನ್ನು ಗುಜರಿಗೆ ಹಾಕಬೇಡಿ, ಅದರಲ್ಲೂ ಬ್ಯಾಟರಿಯ ಸಮೇತ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಹಳೇ ಲ್ಯಾಪ್‌ಟಾಪುಗಳ ಮರುಬಳಕೆಯ ಹೊಣೆ ತಯಾರಕರದ್ದು. ಆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ. ಕೊಡುವ ಮುಂಚೆ ಎಸ್ಎಸ್‌ಡಿ ಬಿಚ್ಚಿಸಿ ಮನೆಗೆ ತನ್ನಿ. ಅದರಲ್ಲಿ ನಿಮ್ಮ ಶಾಲೆಯ ಮಕ್ಕಳ ಅಂಕಗಳು, ಹೆಸರು, ಹುಟ್ಟಿದ ತಾರೀಖು ಎಲ್ಲ ಇರುತ್ತವೆ.